ಈಡು ದಂಡ ಆಗಲ್ಲ ದೊಡ್ಡಪ್ಪಯ್ಯ

ಮೊನ್ನೆ ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು, ಶನಿವಾರ ಪಿಸ್ತೂಲ್ ಪ್ರಾಕ್ಟೀಸಿಗೆ ಹೋಗ್ತೀನಿ ಅಂದೆ. "ಹಂದಿನೂ ಇಲ್ಲ ಮಂಗನೂ ಇಲ್ಲ, ಕಾಗದಕ್ಕೆ ಹೊಡ್ದು ಈಡು ದಂಡ ಮಾಡೂದು ಎಂತಕ್ಕೆ ಮಾರಾಯ" ಅಂದ್ರು ದೊಡ್ಡಪ್ಪಯ್ಯ. ಹಿಂದೆ ಇದ್ದೋರೆಲ್ಲ ನಕ್ಕಿದ್ದೂ ಕೇಳಿಸ್ತು, ಬೇಜಾರಾಯ್ತು ನಂಗೆ.

ನಮ್ಮ ಕಡೆ ತೋಟ ಇರೋರ ಮನೇಲಿ ಕೋವಿ ಇರೋದು ಹೊಸದಲ್ಲ. ಆಯುಧಪೂಜೆಗೆ ಗೋಡೆಯಿಂದ ಇಳೀತದೆ, ಎಲೆಕ್ಷನ್ ಬಂದ್ರೆ ಸ್ಟೇಷನ್ನಿಗೆ ಹೋಗ್ತದೆ, ಮಂಗ ಓಡಿಸೋಕೆ ಆಗೊಂದು ಈಗೊಂದು ಈಡು. ಪ್ರಾಕ್ಟೀಸ್ ಅನ್ನೋದೇ ಇಲ್ಲ. ಗುರಿ ಅನ್ನೋದು ಮನೆತನದಲ್ಲೇ ಬರ್ತದೆ ಅಂತ ನಂಬಿಕೆ.

ಇಲ್ಲಿ ಟೆಕ್ಸಾಸಲ್ಲಿ ಕ್ಯಾರಿ ಲೈಸೆನ್ಸಿಗೆ, ಅಂದ್ರೆ ಪಿಸ್ತೂಲ್ ಜೊತೇಲಿಟ್ಕೊಂಡು ಓಡಾಡೋ ಪರವಾನಗಿಗೆ, 3, 7, 15 ಗಜದಿಂದ ಒಟ್ಟು 50 ಗುಂಡು ಹೊಡೆದು ತೋರಿಸ್ಬೇಕು, 250ಕ್ಕೆ 175 ಬಂದ್ರೆ ಪಾಸು. ನಮ್ಮ ರೇಂಜಲ್ಲಿ ಕಲಿಸೋರು ಅದನ್ನ ಲೆಕ್ಕಕ್ಕೇ ಇಡಲ್ಲ. ಅವರು ಗುಂಡು ಹೊಡೆಯೋ ಸಮಯ ಅಳೆಯೋ ಶಾಟ್ ಟೈಮರ್ ಇಡ್ತಾರೆ, ಬೀಪ್ ಅಂದ ತಕ್ಷಣ ಸೊಂಟದ ಹೋಲ್ಸ್ಟರ್ ಚೀಲದಿಂದ ಪಿಸ್ತೂಲ್ ತೆಗೆದು 7 ಗಜದಿಂದ ಆರು ಗುಂಡು, ಇದಕ್ಕೆ ಬಿಲ್ ಡ್ರಿಲ್ ಅಂತಾರೆ. ಕೈ ಎಷ್ಟಾದ್ರೂ ಓಡಲಿ, ಕುದುರೆ (ಟ್ರಿಗರ್) ಮೇಲಿನ ಬೆರಳು ಮಾತ್ರ ಜಗ್ಗಬಾರದು, ಜಗ್ಗಿದ್ರೆ ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಹೋಗ್ತದೆ. ಗುರಿ ಕಣ್ಣಿಗೆ ಸಿಗೋ ತನಕ ಬೆರಳು ಕುದುರೆ ಮುಟ್ಟೋ ಹಾಗೇ ಇಲ್ಲ. ಐಡಿಪಿಎ ಅನ್ನೋ ಪಿಸ್ತೂಲ್ ಸ್ಪರ್ಧೆಯ ಪಂದ್ಯದಲ್ಲಂತೂ ಗುರಿ ತಪ್ಪಿ ಕಳ್ಕೊಂಡ ಒಂದೊಂದು ಪಾಯಿಂಟಿಗೂ ಒಂದೊಂದು ಸೆಕೆಂಡ್ ನಮ್ಮ ಟೈಮಿಗೆ ಸೇರಿಸ್ತಾರೆ, ಹಾಗಾಗಿ ಬರೀ ಅವಸರದವನು ಸೋಲ್ತಾನೆ, ಬರೀ ನಿಧಾನದವನೂ ಸೋಲ್ತಾನೆ.

ದೊಡ್ಡಪ್ಪಯ್ಯನಿಗೆ ಹೇಳಬೇಕಿದ್ದಿದ್ದು ಇದು: ಈ ಕಲಿಕೇಲಿ ಮುಕ್ಕಾಲು ಪಾಲು ಮನೇಲೇ ಆಗ್ತದೆ, ಖಾಲಿ ಪಿಸ್ತೂಲಲ್ಲಿ. ಗುಂಡೆಲ್ಲ ಬೇರೆ ರೂಮಲ್ಲಿಟ್ಟು, ಗುಂಡು ಕೂರೋ ಚೇಂಬರ್ ಖಾಲಿ ಇದ್ಯಾ ಅಂತ ಎರಡೆರಡು ಸಲ ನೋಡಿ, ಗಟ್ಟಿ ಗೋಡೆ ಕಡೆ ತಿರುಗಿ ತೆಗೆಯೋದು, ಹಿಡಿಯೋದು, ಒತ್ತೋದು, ದಿನಾ ಹತ್ತು ನಿಮಿಷ. ಒಂದು ಈಡೂ ದಂಡ ಇಲ್ಲ. ಸಂಗೀತ ಕಲಿಯೋ ಮಕ್ಕಳಿಗೆ ದಿನಾ ಸರಳೆ ಹಾಡಿಸೋ ನಮ್ಮ ಜನಕ್ಕೆ ಕೋವಿ ವಿಷಯದಲ್ಲಿ ಯಾಕೆ ಇದು ಹೊಳೆಯಲ್ಲ ಅಂತ ಸಿಟ್ಟು ಬರ್ತದೆ ನಂಗೆ.

ಹಾಗಂತ ಇಲ್ಲಿ ಎಲ್ಲರೂ ಹೀಗೇ ಅಂತಲ್ಲ. 2021ರಿಂದ 21 ದಾಟಿದ ಹೆಚ್ಚಿನವರು ಲೈಸೆನ್ಸೇ ಇಲ್ದೆ ಪಿಸ್ತೂಲ್ ಇಟ್ಕೊಂಡು ಓಡಾಡಬಹುದು, ಪರೀಕ್ಷೆ ಕಡೆ ತಲೆ ಹಾಕದವರೂ ಇದಾರೆ. ಊರಲ್ಲಿ ಕೋವಿ ತೋಟಾಗೆ (ಗುಂಡಿಗೆ) ಲೆಕ್ಕ ಕೊಡಬೇಕು, ದೊಡ್ಡಪ್ಪಯ್ಯನ ಥರದೋರು ಹೋಗಿ ಹೊಡೆಯೋಕೆ ರೇಂಜಾದ್ರೂ ಎಲ್ಲಿದೆ. ಇನ್ನೊಂದು ಮಾತು ಒಪ್ಕೋಬೇಕು, ನಮ್ಮೂರಲ್ಲಿ ಯಾರೂ ಮನುಷ್ಯರಿಗೆ ಹೆದರಿ ಕೋವಿ ಇಟ್ಕೊಂಡವರಲ್ಲ, ನಾನು ಇಲ್ಲಿ ಇಟ್ಕೊಂಡಿರೋದು ಆ ಹೆದರಿಕೆಗೇ.

ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಹೊಸ ಲೈಸೆನ್ಸಿಗೆ ತರಬೇತಿ ಅಂತ ಸೇರಿಸಿದಾರೆ, ಹಳಬರಿಗೆ ಮನೇಲೇ ಯಾರಾದ್ರೂ ಹೇಳ್ಬೇಕಷ್ಟೆ. ದೀವಳಿಗೆಗೆ ಬಂದಾಗ ಮದ್ದಿಲ್ಲದ ಡಮ್ಮಿ ತೋಟಾ ತಂದು ದೊಡ್ಡಪ್ಪಯ್ಯನ ಕೈಲೇ ಮಾಡಿಸ್ತೀನಿ.