ಟಾಂಪೆರೆಯಲ್ಲಿ ನನ್ನ ಓಟು ಹಳೇ ಗೋಪುರಕ್ಕೆ

ಫಿನ್‌ಲೆಂಡಿನ ಟಾಂಪೆರೆಯಲ್ಲಿ ನೋಡುವ ಜಾಗಗಳ ನಿಮ್ಮ ಲೇಖನದ ಪಟ್ಟಿಯಲ್ಲಿ 168 ಮೀಟರಿನ ನ್ಯಾಸಿನ್ನೆವುಲಾ ಗೋಪುರಕ್ಕೆ ಮೊದಲ ಸ್ಥಾನ ಕೊಟ್ಟಿದ್ದೀರಿ. ಎತ್ತರ ಸರಿ. ಆದರೆ ನನಗೆ ಪ್ಯೂನಿಕ್ಕಿ ಗುಡ್ಡದ ಮೇಲಿರುವ, 1929ರ ಕಲ್ಲಿನ ಗೋಪುರವೇ ಜಾಸ್ತಿ ಇಷ್ಟ. ಮೇಲೆ ನಿಂತರೆ ಊರಿನ ಎರಡೂ ಕಡೆಯ ಸರೋವರ ಕಾಣುತ್ತವೆ. ಕೆಳಗಿನ ಕೆಫೆಯ ಡೋನಟ್‌ಗೆ ಜನ ಸಾಲು ನಿಲ್ಲುವುದು ಸುಮ್ನೆ ಅಲ್ಲ!

ಫಿನ್ಲೇಸನ್ ಹತ್ತಿ ಗಿರಣಿಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಲ್ಲ. ಆ ಸರೋವರಗಳ ನಡುವೆ ನೀರು 18 ಮೀಟರ್ ಇಳಿಯುತ್ತದೆ. ಆ ರಭಸ ನಂಬಿಕೊಂಡೇ ಗಿರಣಿಗಳು ಬೆಳೆದದ್ದು. 1882ರಲ್ಲೇ ಫಿನ್ಲೇಸನ್ ಗಿರಣಿಯಲ್ಲಿ ವಿದ್ಯುತ್ ದೀಪ ಉರಿದಿತ್ತು. ಅದೇ ಊರಿನ ಪಿಸ್ಪಾಲಾ ಬಡಾವಣೆಯ 1906ರ ಸಾರ್ವಜನಿಕ ಸೌನಾವನ್ನೂ (ಬಿಸಿ ಹಬೆ ಸ್ನಾನದ ಮನೆ) ಸೇರಿಸಬಹುದಿತ್ತು, ಅಲ್ವಾ? ಇನ್ನು ಆ ಊರಿನ ತಿನಿಸು ‘ಮುಸ್ತಮಕ್ಕರ’, ರಕ್ತ ಹಾಕಿ ಮಾಡುವ ಸಾಸೇಜ್. ಸಸ್ಯಾಹಾರಿಗಳು ಹುಷಾರು.