ಅರ್ಪಣೆ ಬರೆದಾಗಿದೆ, ಕಾದಂಬರಿ ಬಾಕಿ

ನನ್ನ ಮೊದಲ ಕಾದಂಬರಿ ಬಹುತೇಕ ಸಿದ್ಧವಾಗಿದೆ. ಅರ್ಪಣೆ ಬರೆದಾಗಿದೆ. ‘ಲೇಖಕನ ಅರಿಕೆ’ ನಾಲ್ಕು ಪುಟ; ಅದರಲ್ಲಿ ಒಂದೂವರೆ ಪುಟ ಟೀಕಾಕಾರರಿಗೆ ಮುಂಗಡವಾಗಿ ಕೊಟ್ಟ ಉತ್ತರ. ಗಲ್ಲಕ್ಕೆ ಕೈಯಿಟ್ಟು ದೂರದಲ್ಲೇನನ್ನೋ ನೋಡುತ್ತಿರುವಂಥ ಫೋಟೊವನ್ನು ಬೆನ್ನುಡಿಗೆಂದು ತೆಗೆಸಿಟ್ಟಿದ್ದೇನೆ. ಜೆ.ಸಿ. ರಸ್ತೆಯ ಕನ್ನಡ ಭವನದ ನಯನ ಸಭಾಂಗಣ ಯಾವ ಭಾನುವಾರ ಖಾಲಿಯಿರುತ್ತದೆ ಎಂದೂ ವಿಚಾರಿಸಿಯಾಗಿದೆ. ಬಣ್ಣದ ಕಾಗದ ಸುತ್ತಿ ಟೇಪು ಬಿಗಿದ ಪುಸ್ತಕದ ಕಟ್ಟನ್ನು ಬಿಚ್ಚಲಾಗದೆ ಮುಖ್ಯ ಅತಿಥಿಗಳು ವೇದಿಕೆಯ ಮೇಲೆ ಬೆವರುವುದನ್ನು ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ನಮ್ಮದಕ್ಕೆ ಟೇಪು ಬೇಡ, ರಿಬ್ಬನ್ ಸಾಕು ಎಂಬುದೂ ತೀರ್ಮಾನವಾಗಿದೆ. ಇನ್ನು ಕಾದಂಬರಿಯೊಂದನ್ನು ಬರೆದುಬಿಟ್ಟರೆ ಆಯಿತು.

ಬರೆಯುವುದಕ್ಕಿಂತ ಬರೆದು ಮುಗಿಸಿದವನು ಅನ್ನಿಸಿಕೊಳ್ಳುವ ಆತುರ ನನಗೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದಾರೆ ನಿಜ. ಅದನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟು ಪುರಸೊತ್ತು ಸಿಕ್ಕಿರಲಿಲ್ಲ.

ಒಮ್ಮೆ ಮಾರತ್ತಹಳ್ಳಿಯಲ್ಲಿ ಹೆಬ್ಬಾಳದ ಬಸ್ಸಿಗೆ ಕಾಯುತ್ತಿದ್ದೆ. ಸರಿಯಾದ ಬದಿಯಲ್ಲೇ ನಿಂತಿದ್ದೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ಅಷ್ಟರಲ್ಲಿ ರಸ್ತೆಯ ಆಚೆ ಬದಿಯಲ್ಲಿ 500ಡಿ ಬಂದು ನಿಂತದ್ದು ಕಂಡಿತು. ನಂಬರು ನಂದೇ! ಸ್ಕೈವಾಕ್ ಮೆಟ್ಟಿಲನ್ನು ಎರಡೆರಡಾಗಿ ಹಾರಿ, ಹೊರಟೇಬಿಟ್ಟಿದ್ದ ಬಸ್ಸನ್ನು ಹಿಡಿದೆ. ಕಂಡಕ್ಟರು ಎಲ್ಲಿಗೆ ಎಂದಾಗ ಉಸಿರು ಸಿಕ್ಕಷ್ಟರಲ್ಲಿ ‘ಲಾಸ್ಟ್ ಸ್ಟಾಪ್’ ಅಂದೆ. ನೂರರ ನೋಟು ಕೊಟ್ಟೆ. ಅವರು ಇಪ್ಪತ್ತೈದು ಮುರಿದುಕೊಂಡು ಟಿಕೆಟ್ಟಿನ ಹಿಂದೆ ‘75’ ಎಂದು ಗೀಚಿ ಕೊಟ್ಟರು. ಆಮೇಲೆ ಕಿಟಕಿಯಾಚೆ ನೋಡಿದರೆ ಬಸ್ಸು ಹೆಬ್ಬಾಳಕ್ಕೆ ಬೆನ್ನು ಹಾಕಿ ಸಿಲ್ಕ್ ಬೋರ್ಡಿನತ್ತ ಓಡುತ್ತಿದೆ.

“ಇದು ಹೆಬ್ಬಾಳಕ್ಕೆ ಹೋಗಲ್ವಾ?”

“ಹೋಗುತ್ತೆ ಸಾರ್. ಸಿಲ್ಕ್ ಬೋರ್ಡಿಗೆ ಹೋಗಿ, ನಾವು ಟೀ ಕುಡಿದು, ವಾಪಸ್ ಬರ್ತಾ ಹೋಗುತ್ತೆ.”

ಮುಂದಿನ ಸ್ಟಾಪಿನಲ್ಲಿ ಧುಮುಕಿದೆ. ಬಸ್ಸು ಕಣ್ಮರೆಯಾದ ಮೇಲೆ ಕೈಯಲ್ಲಿದ್ದ ಟಿಕೆಟ್ಟಿನ ಹಿಂಬದಿ ಕಂಡಿತು. ಬರವಣಿಗೆಯಿಂದ ನನಗೆ ಬರಬೇಕಿದ್ದ ಮೊಟ್ಟಮೊದಲ ಸಂಭಾವನೆ ಅದು. ಅದನ್ನು ಬರೆದವರು ಕಂಡಕ್ಟರು ಎಂಬುದು ಬೇರೆ ಮಾತು.

ಪತ್ರಿಕೆಯೊಂದಕ್ಕೆ ಕಥೆ ಕಳಿಸಿದ್ದೂ ಇದೇ ಧಾಟಿಯಲ್ಲಿ. ಮೊಬೈಲಿನಲ್ಲಿ ‘ಮಾನ್ಯ ಸಂಪಾದಕರೇ’ ಎಂದು ಶುರು ಮಾಡಲು ಹೊರಟೆ. ಕೀಬೋರ್ಡು ನನಗಿಂತ ಆತುರದ್ದು. ಎರಡಕ್ಷರ ಒತ್ತುವಷ್ಟರಲ್ಲಿ ತಾನೇ ಒಂದು ಪದ ಮುಂದಿಟ್ಟಿತು, ನಾನು ಒಪ್ಪಿಕೊಂಡೆ. ‘ಸಾಮಾನ್ಯ ಸಂಪಾದಕರೇ’ ಎಂದು ಪತ್ರ ಹೋಯಿತು. ಅದರ ಬಾಲಕ್ಕೆ ಕಥೆಯ ಬದಲು ನಮ್ಮ ಮನೆಯ ಕರೆಂಟ್ ಬಿಲ್ಲೂ ಹೋಯಿತು. ಸಂಪಾದಕರು ದೊಡ್ಡ ಮನಸ್ಸಿನವರು, ಉತ್ತರ ಬರೆದರು: “ವಸ್ತು ಸಮಕಾಲೀನವಾಗಿದೆ, ನಿರೂಪಣೆ ನೇರವಾಗಿದೆ, ಕೊನೆಯಲ್ಲಿ ಬರುವ ಮೊತ್ತ ಮನ ಕಲಕುತ್ತದೆ. ಆದರೆ ಕಲ್ಪನೆಯ ಅಂಶ ಕಡಿಮೆಯಾದ್ದರಿಂದ ಬಳಸಿಕೊಳ್ಳಲಾಗುತ್ತಿಲ್ಲ. ಇಂತಿ, ಸಾಮಾನ್ಯ ಸಂಪಾದಕ.”

ಇದನ್ನು ನಮ್ಮ ಮಹಡಿ ಮನೆಯ ನಿವೃತ್ತ ಕನ್ನಡ ಮೇಷ್ಟ್ರಿಗೆ ತೋರಿಸಿದೆ. ಸಂಪಾದಕರ ಭಾಷೆ ಚೆನ್ನಾಗಿದೆ ಎಂದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ ಪಾಠಕ್ಕಿಳಿದರು. “ಕುವೆಂಪು ಅವರು ರಾಮಾಯಣ ದರ್ಶನಂ ಹಿಡಿದದ್ದು 1936ರಲ್ಲಿ, ಮುಗಿಸಿದ್ದು 1946ರಲ್ಲಿ. ಮುಗಿದ ಮೇಲೂ ಅದು ಅಚ್ಚಾಗಿ ಬರುವ ಹೊತ್ತಿಗೆ 1949. ಗೊತ್ತಾ?”

ಆಗ ವಾಟ್ಸಾಪ್ ಇರಲಿಲ್ಲವಲ್ಲ ಸಾರ್ ಅಂದೆ.

“ಹೋಗಲಿ, ಡಿವಿಜಿಯವರ ಕಗ್ಗ ಬಂದದ್ದು 1943ರಲ್ಲಿ. ಅವರಿಗಾಗ 56 ವರ್ಷ. ನಿನಗೀಗೆಷ್ಟಪ್ಪಾ?”

“ಮೂವತ್ತನಾಲ್ಕು.”

“ಹಾಗಾದರೆ ನಾಡಿಗೆ ಇನ್ನೂ ಇಪ್ಪತ್ತೆರಡು ವರ್ಷ ನೆಮ್ಮದಿ,” ಎಂದು ಕಾಫಿಗೆ ಒಳಗೆ ಕೂಗಿದರು.

ಮೇಷ್ಟ್ರ ಮಾತು ನಾಟಲಿಲ್ಲ. ನಾಟಿದ್ದು ಉಪ್ಪಿನಕಾಯಿ.

ನಮ್ಮದು ಸಾಗರದ ಕಡೆ. ಅಲ್ಲಿಂದ ಬೆಂಗಳೂರಿಗೆ ಬಂದ ಸರಕುಗಳಲ್ಲಿ ಅಪ್ಪೆಮಿಡಿಯೂ ಒಂದು, ನಾನೂ ಒಂದು. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ನನ್ನದು ಪರಿಶೀಲನೆಯಲ್ಲಿದೆ. ಬೇಸಿಗೆ ಶುರುವಾಗುತ್ತಿದ್ದಂತೆ ಮಿಡಿ ಕೊಯ್ಯುವುದನ್ನು ನೋಡಬೇಕು. ಹೊಳೆದಂಡೆಯ ಆ ಮರಗಳು ಆಕಾಶಕ್ಕೆ ಏಣಿ ಹಾಕಿದ ಹಾಗಿರುತ್ತವೆ. ಹತ್ತಿದವನು ಕೊಂಬೆ ಅಲುಗಿಸಿ ಉದುರಿಸುವಂತಿಲ್ಲ. ತೊಟ್ಟಿನ ಸಮೇತ ಕೊಯ್ದು, ಚೀಲಕ್ಕೆ ತುಂಬಿ, ಹಗ್ಗ ಕಟ್ಟಿ ಇಳಿಬಿಡಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಕಣ್ತಪ್ಪಿ ಒಳಗೆ ಸೇರಿದರೂ ಇಡೀ ಭರಣಿ ಕೆಡುತ್ತದೆ. ಅಮ್ಮ ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ನೋಡುತ್ತಾಳೆ. ಮೂಸುತ್ತಾಳೆ. ತೊಟ್ಟು ಮುರಿದು ಸೊನೆಯ ಪರಿಮಳದಲ್ಲೇ ಇದು ಜೀರಿಗೆ ಮಿಡಿ, ಇದು ಆ ಮೇಲಿನ ತೋಟದ ಮರದ್ದು ಎಂದು ಜಾತಕ ಹೇಳುತ್ತಾಳೆ. ನನಗೆ ಹೆಣ್ಣು ನೋಡುವಾಗಲೂ ಇಷ್ಟು ವಿಚಾರಣೆ ನಡೆದಿರಲಿಲ್ಲ.

ಆಮೇಲೆ ಹರಳುಪ್ಪು. ಮಿಡಿ ಒಂದು ಪದರ, ಉಪ್ಪು ಒಂದು ಪದರ, ಮೇಲೆ ಭಾರ. ಅಲ್ಲಿಗೆ ಮನುಷ್ಯರ ಕೆಲಸ ಮುಗಿಯಿತು. ಮಿಡಿ ತನ್ನ ನೀರು ತಾನೇ ಬಿಟ್ಟುಕೊಂಡು ಮುರುಟಬೇಕು. ಅದಕ್ಕೆ ವಾರಗಟ್ಟಲೆ ಬೇಕು. ಮೆಣಸು, ಸಾಸಿವೆ, ಅರಿಶಿನ ಅರೆಯುವ ಮಾತು ಅದಾದ ಮೇಲಿನದು.

ಆ ವರ್ಷ ನಾನು ರಜೆ ಹಾಕಿ ಕಾದಂಬರಿ ಬರೆಯಲೆಂದೇ ಊರಿಗೆ ಹೋಗಿದ್ದೆ. ಮೊದಲ ವಾಕ್ಯ ಹೊಳೆಯಲಿಲ್ಲ. ಅಡುಗೆಮನೆಗೂ ಜಗಲಿಗೂ ಓಡಾಡಿದೆ. ಓಡಾಟದ ನಡುವೆ ಭರಣಿ ಸಿಗುತ್ತಿತ್ತು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಆಗಷ್ಟೇ ತೊಳೆದ ಕೈಯನ್ನು ಅದ್ದಿ, ಒಂದು ಮಿಡಿ ಎತ್ತಿ ಕಚ್ಚಿದೆ. ಮುರುಟಿರಲಿಲ್ಲ. ಹಲ್ಲು ಚಳಿ ಹಿಡಿದ ಹಾಗಾಯಿತು. ಮರುದಿನ ಇನ್ನೊಮ್ಮೆ ನೋಡಿದೆ, ಪ್ರಗತಿ ಏನಾದರೂ ಆಗಿದೆಯೋ ಎಂದು. ಕೆಲವು ದಿನ ಕಳೆದು ಅಮ್ಮ ಭರಣಿ ತೆಗೆದಾಗ ಮೇಲೆಲ್ಲ ಬಿಳೀ ಬೂಷ್ಟು.

ಬೈಯಲಿಲ್ಲ. ಬೈದಿದ್ದರೆ ಉತ್ತರ ಸಿದ್ಧವಿತ್ತು. ಕೆಟ್ಟ ಮಿಡಿಗಳನ್ನು ಹೆಕ್ಕಿ ಹೆಕ್ಕಿ ಗೊಬ್ಬರದ ಗುಂಡಿಗೆ ಹಾಕುತ್ತ, “ಕಥೇನೂ ಹೀಗೇ ಒದ್ದೆ ಕೈಯಲ್ಲಿ ದಿನಾ ಮುಟ್ಟಿ ನೋಡ್ತೀಯೇನೋ?” ಎಂದು ಕೇಳಿದಳು. ವ್ಯಂಗ್ಯವಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಅದೇ ಹೆಚ್ಚು ಉರಿಯಿತು.

ಬೆಂಗಳೂರಿಗೆ ಮರಳಿದವನು ಒಂದು ಹೊಸ ಕಥೆ ಬರೆದು, ಯಾರಿಗೂ ಕಳಿಸದೆ, ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದೆ. ಬೀಗದ ಕೈಯನ್ನು ಹೆಂಡತಿಗೆ ಕೊಟ್ಟೆ. ಅವಳು ಅದನ್ನು ಎಲ್ಲೋ ಇಟ್ಟು ಮರೆತಳು. ಸಾಹಿತ್ಯಕ್ಕೆ ಅವಳ ಕೊಡುಗೆ ಇದು. ಮಳೆಗಾಲ ಹಿಡಿದ ಮೇಲೆ ಕೀಲಿ ಸಿಕ್ಕಿತು. ಕಥೆ ತೆಗೆದು ಓದಿದರೆ ಎರಡನೆಯ ಪುಟದ ಸುಮಾ ಐದನೆಯ ಪುಟದಲ್ಲಿ ಉಮಾ ಆಗಿದ್ದಾಳೆ. ಮೊದಲ ಸಾಲಿನಲ್ಲೇ ತೀರಿಕೊಂಡ ಅವಳ ತಂದೆ ಕೊನೆಯಲ್ಲಿ ಧಾರೆ ಎರೆದುಕೊಡುತ್ತಿದ್ದಾರೆ. ಇದನ್ನೇ ನಾನು ಬಿಸಿಬಿಸಿಯಾಗಿ ಕಳಿಸಬೇಕೆಂದಿದ್ದದ್ದು. ತಂದೆಯನ್ನು ಬದುಕಿಸಿದೆ. ನಾಯಕ ಮಳೆಯಲ್ಲಿ ನೆನೆಯುತ್ತ ತತ್ತ್ವ ಹೇಳುವ ಎರಡು ಪುಟ ಕಿತ್ತೆ. ಇನ್ನೊಂದು ಸುತ್ತು ಬೀಗ ಹಾಕಿ, ಮತ್ತೆ ತೆಗೆದು, ಆಮೇಲಷ್ಟೇ ಅದೇ ಸಂಪಾದಕರಿಗೆ ಕಳಿಸಿದೆ. ಪ್ರಕಟವೂ ಆಯಿತು.

ಕಳೆದ ವಾರ ಅವರೇ ಫೋನ್ ಮಾಡಿದರು. “ಒಂದು ಲಘು ಬರಹ ಬೇಕಿತ್ತು ಸ್ವಾಮಿ. ಇವತ್ತು ಸಂಜೆ ಐದರೊಳಗೆ. ಪುಟ ಕಾಯ್ತಾ ಇದೆ.”

ಬರೆದೆ. ನಾಲ್ಕಕ್ಕೇ ಮುಗಿಯಿತು. ಆದರೆ ನಾನೀಗ ಹಳೆಯ ಮನುಷ್ಯನಲ್ಲವಲ್ಲ, ಒಂದು ರಾತ್ರಿಯಾದರೂ ಇಡೋಣ ಎಂದು ಇಟ್ಟೆ. ಬೆಳಗ್ಗೆ ಎರಡು ಅಲ್ಪವಿರಾಮ ಸರಿಪಡಿಸಿ ಕಳಿಸಿದೆ. ಸಂಚಿಕೆ ಬಂದಾಗ ನನ್ನ ಪುಟದಲ್ಲಿ ರೇಷ್ಮೆ ಸೀರೆಯ ಜಾಹೀರಾತಿತ್ತು.

ಅಮ್ಮನಿಗೆ ಫೋನ್ ಮಾಡಿ ಸಂಕಟ ತೋಡಿಕೊಂಡೆ. ಪೂರ್ತಿ ಕೇಳಿಸಿಕೊಂಡು ಅವಳೆಂದಳು, “ಸೀರೆಗೆ ಎಷ್ಟು ರಿಯಾಯಿತಿ ಅಂತ ಹಾಕಿದಾರೆ?”