ಕೋಲ್ಕತ್ತ ಡರ್ಬಿಯಲ್ಲಿ ಇರುವುದು ಹಗೆತನವಷ್ಟೇ ಅಲ್ಲ
ಕೋಲ್ಕತ್ತದ ಫುಟ್‌ಬಾಲ್ ತಂಡಗಳಾದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವಿನ ಪಂದ್ಯವಾದ ಡರ್ಬಿಯ ಕುರಿತ ಲೇಖನವೊಂದರಲ್ಲಿ, ಇವುಗಳ ಅಭಿಮಾನಿಗಳ ನಡುವೆ ಇರುವುದು ಬರಿಯ ಹಗೆತನ ಎಂದು ಲೇಖಕರು ಬರೆದಿದ್ದಾರೆ; ಆ ಅಭಿಪ್ರಾಯವನ್ನು ನಾನು ಒಪ್ಪಲಾರೆ. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಪಶ್ಚಿಮ ಬಂಗಾಳದ ಮೂಲ ನಿವಾಸಿಗಳ ತಂಡವೆನಿಸಿಕೊಂಡರೆ, 1920ರಲ್ಲಿ ಸ್ಥಾಪನೆಯಾದ ಈಸ್ಟ್ ಬೆಂಗಾಲ್, ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಲ್ಲಿ (ಇಂದಿನ ಬಾಂಗ್ಲಾದೇಶ) ಮನೆಮಠ ಕಳೆದುಕೊಂಡು ಗಡಿ ದಾಟಿ ಬಂದವರಿಗೆ, ಬಿಟ್ಟುಬಂದ ನೆಲದ ಹೆಸರನ್ನು ತಲೆಯೆತ್ತಿ ಹೇಳಿಕೊಳ್ಳಲು ಉಳಿದ ಆಸರೆಯಾಯಿತು. ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನು, ಮೋಹನ್ ಬಾಗಾನ್ ಗೆದ್ದರೆ ಸಿಗಡಿ ಎಂಬ ವಾಡಿಕೆ ಅಡುಗೆಮನೆಯವರೆಗೂ ಹಬ್ಬಿದೆ.

ಈ ಅಭಿಮಾನ ಎಲ್ಲೆ ಮೀರಿದ್ದೂ ಉಂಟು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಪಂದ್ಯದ ವೇಳೆ ನಡೆದ ಗಲಭೆ, ನೂಕುನುಗ್ಗಲಿನಲ್ಲಿ 16 ಅಭಿಮಾನಿಗಳು ಪ್ರಾಣ ಕಳೆದುಕೊಂಡರು; ಅದನ್ನು ಲೇಖಕರು ನೆನಪಿಸಿದ್ದು ಸರಿಯಾಗಿಯೇ ಇದೆ. ಆದರೆ 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಎಸಗಿ ಕೊಲೆ ಮಾಡಿದ ಬಳಿಕ, ಡ್ಯುರಾಂಡ್ ಕಪ್ ಫುಟ್‌ಬಾಲ್ ಟೂರ್ನಿಯ ಡರ್ಬಿ ರದ್ದಾದಾಗ, ಇದೇ ಎರಡು ತಂಡಗಳ ಬೆಂಬಲಿಗರು, ನಗರದ ಮತ್ತೊಂದು ತಂಡ ಮೊಹಮ್ಮಡನ್ ಸ್ಪೋರ್ಟಿಂಗ್‌ನ ಅಭಿಮಾನಿಗಳನ್ನೂ ಜೊತೆಗೂಡಿಸಿಕೊಂಡು, ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಪೊಲೀಸರ ಲಾಠಿಗೆ ಅಂಜದೆ ನ್ಯಾಯ ಕೇಳಿದರು. ಆ ದಿನದ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ.